ಮಸ್ಕಿ ಮೊದಲೋ, ಮಳವಳ್ಳಿ ಮೊದಲೋ?

ಬಿಸಿಎ, ಬಿ.ಇ., ಡಿಪ್ಲೊಮಾ ಯಾವುದನ್ನೇ ಓದಿರಿ, ಸಿ ಲ್ಯಾಬ್‌ನಲ್ಲಿ ಈ ಪ್ರಶ್ನೆ ಒಮ್ಮೆಯಾದರೂ ಎದುರಾಗುತ್ತದೆ: ‘ಕೊಟ್ಟಿರುವ ಹತ್ತು ಹೆಸರುಗಳನ್ನು ಅಕಾರಾದಿ ಕ್ರಮದಲ್ಲಿ ಜೋಡಿಸಿ. ಸ್ಟ್ರಿಂಗ್ ಫಂಕ್ಷನ್‌ಗಳನ್ನು ಬಳಸುವಂತಿಲ್ಲ.’ ಪರೀಕ್ಷೆಯ ದಿನ ಈ ಚೀಟಿ ಕೈಗೆ ಬಂದರೆ ಕೆಲವರಿಗೆ ಖುಷಿಯೋ ಖುಷಿ. ರೆಕಾರ್ಡ್ ಬುಕ್ಕಿನಲ್ಲಿದೆ, ಬಾಯಿಪಾಠ ಆಗಿದೆ, ಹತ್ತು ನಿಮಿಷದಲ್ಲಿ ಟೈಪ್ ಮಾಡಿ ಎದ್ದು ಬರಬಹುದು. ಇನ್ನು ಕೆಲವರಿಗೆ ಸಿಟ್ಟು. ‘ಎರಡು ಪದ ಹೋಲಿಸುವುದಕ್ಕೆ ಸ್ಟ್ರ್‌ಕಂಪ್ ಅಂತ ರೆಡಿಮೇಡ್ ಫಂಕ್ಷನ್ ಇದೆಯಲ್ಲ ಸರ್, ಅದನ್ನು ಬಿಟ್ಟು ಕೈಯಲ್ಲಿ ಯಾಕೆ ಬರೆಯಬೇಕು? ಕಂಪನಿಯಲ್ಲಿ ಯಾರು ಹೀಗೆ ಬರೆಯುತ್ತಾರೆ?’ ಎಂದು ಕೇಳುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ‘ಸಿಲೆಬಸ್‌ನಲ್ಲಿದೆ, ಬರೀರಿ’ ಎನ್ನುವುದು ಅದಕ್ಕೆ ಸಿಗುವ ಉತ್ತರ.

ಪ್ರಶ್ನೆ ಕೇಳಿದವರ ಪರ ನಾನಿಲ್ಲ, ಉತ್ತರ ಕೊಟ್ಟವರ ಪರವೂ ಇಲ್ಲ. ನನ್ನ ಪ್ರಕಾರ ಆ ಲ್ಯಾಬ್ ಪ್ರಶ್ನೆ ಬಹಳ ಒಳ್ಳೆಯದು. ಅದರ ಜೊತೆ ಕೊಡುವ ಹೆಸರುಗಳದ್ದೇ ತಕರಾರು. ಇಂಗ್ಲಿಷ್ ಹೆಸರುಗಳ ಬದಲು ಕನ್ನಡದ ಹೆಸರುಗಳನ್ನು ಕೊಟ್ಟು ನೋಡಿ, ಆಗ ಅದು ಬಾಯಿಪಾಠದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಹೋಲಿಸುವ ಫಂಕ್ಷನ್ ನಿಜವಾಗಿಯೂ ಇಲ್ಲದ ಯಂತ್ರವೊಂದನ್ನು ಮೊದಲು ನೋಡೋಣ. ಅಮೆರಿಕದ ಹೈಸ್ಕೂಲುಗಳಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-83, ಟಿಐ-84 ಎಂಬ ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್‌ಗಳು ಬಹಳ ಕಾಲದಿಂದ ಬಳಕೆಯಲ್ಲಿವೆ. ಅದರೊಳಗೇ ಟಿಐ-ಬೇಸಿಕ್ ಎಂಬ ಪುಟ್ಟ ಭಾಷೆಯಲ್ಲಿ ಪ್ರೋಗ್ರಾಂ ಬರೆಯಬಹುದು. ಎರಡು ಪದಗಳು ಒಂದೇನಾ ಎಂದು ಕೇಳಿದರೆ ಅದು ಹೌದು, ಅಲ್ಲ ಎಂದು ಹೇಳುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳಿದರೆ ಮಾತ್ರ ತಪ್ಪು ತೋರಿಸಿ ನಿಂತುಬಿಡುತ್ತದೆ. ದೊಡ್ಡದು, ಚಿಕ್ಕದು ಎಂಬ ಚಿಹ್ನೆಗಳು ಅಲ್ಲಿ ಅಂಕಿಗಳಿಗೆ ಮಾತ್ರ, ಪದಗಳಿಗಲ್ಲ. ಹಾಗಿದ್ದರೆ ಹೆಸರುಗಳನ್ನು ಜೋಡಿಸುವುದು ಹೇಗೆ?

ಒಂದು ಪದದೊಳಗೆ ಇನ್ನೊಂದು ತುಂಡು ಎಷ್ಟನೇ ಜಾಗದಲ್ಲಿದೆ ಎಂದು ಹುಡುಕಿಕೊಡುವ ಇನ್‌ಸ್ಟ್ರಿಂಗ್ ಎಂಬ ಫಂಕ್ಷನ್ ಅದರಲ್ಲಿದೆ. ಅದೇ ದಾರಿ. ಎಯಿಂದ ಝಡ್‌ವರೆಗಿನ ಅಕ್ಷರಗಳನ್ನು ನೀವೇ ಸಾಲಾಗಿ ಒಂದು ಸ್ಟ್ರಿಂಗ್ ಮಾಡಿ ಬರೆದಿಡುತ್ತೀರಿ. ಪದದ ಪ್ರತಿ ಅಕ್ಷರವೂ ಆ ಸಾಲಿನಲ್ಲಿ ಎಷ್ಟನೆಯದು ಎಂದು ಹುಡುಕಿಸುತ್ತೀರಿ. ಸಿ ಮೂರನೆಯದು, ಎ ಒಂದನೆಯದು, ಬಿ ಎರಡನೆಯದು. ಹೀಗೆ ಪದ ಸಂಖ್ಯೆಗಳಾಗುತ್ತದೆ. ಸಂಖ್ಯೆಗಳನ್ನು ಜೋಡಿಸುವುದು ಕ್ಯಾಲ್ಕುಲೇಟರಿಗೆ ನೀರು ಕುಡಿದಷ್ಟು ಸುಲಭ. 27ರ ಘಾತಗಳಿಂದ ಗುಣಿಸಿ ಕೂಡಿದರೆ ಇಡೀ ಪದವನ್ನು ಒಂದೇ ಸಂಖ್ಯೆಯೊಳಗೆ ಹಿಡಿಸಬಹುದು. 26 ಅಕ್ಷರ, ಜೊತೆಗೆ ಖಾಲಿ ಜಾಗಕ್ಕೊಂದು ಸೊನ್ನೆ, ಅದಕ್ಕೇ 27. ಆ ಯಂತ್ರ 14 ಅಂಕಿಗಳವರೆಗೆ ನಿಖರವಾಗಿ ಇಟ್ಟುಕೊಳ್ಳುವುದರಿಂದ ಒಂಬತ್ತು ಅಕ್ಷರದ ಪದದವರೆಗೆ ಈ ಉಪಾಯ ನಡೆಯುತ್ತದೆ. ಹತ್ತನೆಯ ಅಕ್ಷರಕ್ಕೆ 15 ಅಂಕಿ ಬೇಕು, ಅಲ್ಲಿಗೆ ಕೈ ಕೊಡುತ್ತದೆ.

ಇದರಲ್ಲಿ ನನಗೆ ಇಷ್ಟವಾದದ್ದು ಆ ಗುಣಾಕಾರ ಅಲ್ಲ. ಕ್ಯಾಲ್ಕುಲೇಟರಿಗೆ ವರ್ಣಮಾಲೆ ಗೊತ್ತಿಲ್ಲ, ಹಾಗಾಗಿ ನೀವೇ ಅದಕ್ಕೆ ವರ್ಣಮಾಲೆ ಕಲಿಸಬೇಕು. ಯಾವ ಅಕ್ಷರದ ನಂತರ ಯಾವುದು ಎಂಬುದನ್ನು ಯಾರೋ ಒಬ್ಬರು ಕೂತು ಬರೆಯಬೇಕು. ಕ್ರಮ ಎನ್ನುವುದು ಯಂತ್ರದ ಹುಟ್ಟುಗುಣವಲ್ಲ.

ನಮ್ಮ ಲ್ಯಾಬಿನ ಸಿ ಪ್ರೋಗ್ರಾಂನಲ್ಲಿ ಈ ತಿಳಿವಳಿಕೆ ಬರುವುದೇ ಇಲ್ಲ. ಅಲ್ಲಿ ‘ಸ್ಟ್ರಿಂಗ್ ಫಂಕ್ಷನ್ ಬಳಸಿಲ್ಲ’ ಎಂದು ನಾವು ಹೇಳಿಕೊಂಡರೂ ಎರಡು ಅಕ್ಷರಗಳ ನಡುವೆ ದೊಡ್ಡದು, ಚಿಕ್ಕದು ಚಿಹ್ನೆ ಹಾಕಿ ಕೆಲಸ ಮುಗಿಸುತ್ತೇವೆ. ಅದು ನಡೆಯುವುದು ಆಸ್ಕಿ ಪಟ್ಟಿ ಮಾಡಿದವರು ಇಂಗ್ಲಿಷ್ ಅಕ್ಷರಗಳಿಗೆ 65ರಿಂದ 90ರವರೆಗೆ ವರ್ಣಮಾಲೆಯ ಸಾಲಿನಲ್ಲೇ ಸಂಖ್ಯೆ ಕೊಟ್ಟಿರುವುದರಿಂದ. ಅಲ್ಲೂ ಪೂರ್ತಿ ಸರಿಯಿಲ್ಲ. ಸಣ್ಣಕ್ಷರಗಳು 97ರಿಂದ ಶುರುವಾಗುವುದರಿಂದ ಸಣ್ಣ ಎಯಿಂದ ಬರೆದ ಆನಂದ ದೊಡ್ಡ ಝಡ್‌ನ ಜಾಕಿರ್‌ಗಿಂತ ಹಿಂದೆ ಬೀಳುತ್ತಾನೆ. ಅದಕ್ಕೇ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಎಲ್ಲ ಹೆಸರುಗಳೂ ಒಂದೇ ಥರದ ಅಕ್ಷರದಲ್ಲಿರುತ್ತವೆ! ಯಾರೋ ಮಾಡಿಟ್ಟ ಅಡುಗೆಯನ್ನು ತಟ್ಟೆಗೆ ಬಡಿಸಿಕೊಂಡು ನಾವೇ ಮಾಡಿದ್ದು ಅಂದ ಹಾಗೆ ಇದು.

ಈಗ ಅದೇ ಪ್ರೋಗ್ರಾಂಗೆ ಕನ್ನಡದಲ್ಲಿ ನಮ್ಮ ತಾಲ್ಲೂಕುಗಳ ಹೆಸರು ಕೊಡಿ. ಮಸ್ಕಿ, ಮಳವಳ್ಳಿ. ನಾವು ಶಾಲೆಯಲ್ಲಿ ರಾಗ ಎಳೆದು ಹೇಳಿದ ಸಾಲಿನ ಕೊನೆ ಏನು? ಯ ರ ಲ ವ ಶ ಷ ಸ ಹ ಳ. ಅಂದರೆ ‘ಳ’ ಎಲ್ಲಕ್ಕಿಂತ ಕೊನೆ. ಹಾಗಾಗಿ ಮಸ್ಕಿ ಮೊದಲು, ಮಳವಳ್ಳಿ ನಂತರ. ಕಂಪ್ಯೂಟರ್ ಮಾತ್ರ ಮಳವಳ್ಳಿಯನ್ನೇ ಮೊದಲು ಮಾಡುತ್ತದೆ. ಬಸವಕಲ್ಯಾಣಕ್ಕಿಂತ ಬಳ್ಳಾರಿಯನ್ನು ಮುಂದೆ ತರುತ್ತದೆ. ಹೊನ್ನಾವರಕ್ಕಿಂತ ಹೊನ್ನಾಳಿಯನ್ನು, ಹೊಸಕೋಟೆ, ಹೊಸದುರ್ಗ, ಹೊಸನಗರ, ಹೊಸಪೇಟೆಗಳಿಗಿಂತ ಹೊಳಲ್ಕೆರೆ, ಹೊಳೆನರಸೀಪುರಗಳನ್ನು ಮುಂದಿಡುತ್ತದೆ. ಕಾರಣ ಸರಳ. ಯುನಿಕೋಡ್‌ನಲ್ಲಿ ‘ಲ’ಗೆ 3250, ‘ಳ’ಗೆ 3251, ‘ವ’ಗೆ 3253, ‘ಸ’ಗೆ 3256. ಸಂಖ್ಯೆ ನೋಡಿ ಜೋಡಿಸುವ ಪ್ರೋಗ್ರಾಂಗೆ ‘ಳ’ ಎನ್ನುವುದು ‘ಲ’ದ ಪಕ್ಕದ ಮನೆ.

ಇದನ್ನು ಕೇಳಿ ‘ನೋಡಿದಿರಾ, ಯಾರೋ ಹೊರಗಿನವರು ನಮ್ಮ ಭಾಷೆಗೆ ಮಾಡಿದ ಅನ್ಯಾಯ’ ಎಂದು ಹೊರಡುವ ಮುಂಚೆ ಸ್ವಲ್ಪ ತಾಳಿ. ಆ ಸಾಲು ಬಂದಿದ್ದು ಭಾರತದಲ್ಲೇ ರೂಪುಗೊಂಡ ಇಸ್ಕಿ ಎಂಬ ಮಾನಕದಿಂದ. ಭಾರತದ ಲಿಪಿಗಳಿಗೆಲ್ಲ ಒಂದೇ ಥರದ ಮನೆ ನಂಬರ್ ಕೊಟ್ಟರೆ ಒಂದು ಲಿಪಿಯಿಂದ ಇನ್ನೊಂದಕ್ಕೆ ಬದಲಾಯಿಸುವುದು ಸುಲಭ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಯುನಿಕೋಡ್ ಅದನ್ನೇ ಆಧಾರವಾಗಿ ಇಟ್ಟುಕೊಂಡಿತು. ಹಾಗಾಗಿಯೇ ಮರಾಠಿಯ ಳ, ಮಲಯಾಳದ ಳ, ನಮ್ಮ ಳ ಮೂರೂ ತಮ್ಮ ತಮ್ಮ ಬೀದಿಯಲ್ಲಿ ಒಂದೇ ನಂಬರಿನ ಮನೆಯಲ್ಲಿವೆ. ಅದು ಕೆಟ್ಟ ಯೋಚನೆಯೇನಲ್ಲ. ಇನ್ನೂ ಹೇಳಬೇಕೆಂದರೆ, ಬಹಳಷ್ಟನ್ನು ಅವರು ಸರಿಯಾಗಿಯೇ ಮಾಡಿದ್ದಾರೆ. ವ್ಯಂಜನಗಳಾದ ಮೇಲೆ ಕಾಗುಣಿತದ ಚಿಹ್ನೆಗಳು, ಅವೆಲ್ಲ ಆದ ಮೇಲೆ ಒತ್ತಕ್ಷರ ಮಾಡುವ ಅರ್ಧಾಕ್ಷರದ ಚಿಹ್ನೆ ಬರುತ್ತದೆ. ಹಾಗಾಗಿ ಕಮಲ, ಕಾವೇರಿ, ಕೌಸಲ್ಯ, ಆಮೇಲೆ ಕ್ರಮ ಎಂದು ನಿಘಂಟಿನ ಹಾಗೇ ಜೋಡಣೆಯಾಗುತ್ತದೆ. ತೊಂದರೆ ಇರುವುದು ಮನೆ ನಂಬರನ್ನೇ ವರ್ಣಮಾಲೆ ಎಂದುಕೊಳ್ಳುವ ನಮ್ಮಲ್ಲಿ. ನಂಬರ್ ಕೊಡುವುದು ಗುರುತಿಗಾಗಿ, ಸರದಿಗಾಗಿ ಅಲ್ಲ.

ಕನ್ನಡ ಕೊಟ್ಟ ತಕ್ಷಣ ಲ್ಯಾಬಿನ ಪ್ರೋಗ್ರಾಂ ಇನ್ನೂ ಏನೇನು ಕಲಿಸುತ್ತದೆ ನೋಡಿ. ‘ಮಸ್ಕಿ’ ಎಷ್ಟು ಅಕ್ಷರ? ಕಣ್ಣಿಗೆ ಎರಡು. ಯುನಿಕೋಡ್‌ಗೆ ಐದು: ಮ, ಸ, ಅರ್ಧಾಕ್ಷರದ ಚಿಹ್ನೆ, ಕ, ಗುಡಿಸು. ಸಿ ಭಾಷೆಯ ಉದ್ದ ಅಳೆಯುವ ಫಂಕ್ಷನ್‌ಗೆ ಹದಿನೈದು, ಏಕೆಂದರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಹೆಸರಿಗೆ 20 ಬೈಟ್ ಸಾಕು ಎಂದು ಅರೇ ಮಾಡಿಟ್ಟವರ ಪ್ರೋಗ್ರಾಂಗೆ ಹೊಳೆನರಸೀಪುರ ಕೊಟ್ಟರೆ ಅದಕ್ಕೇ 33 ಬೈಟ್ ಬೇಕು, ಕೊನೆಯ ಸೊನ್ನೆ ಬೇರೆ. ಅರೇ ತುಂಬಿ ಪಕ್ಕದ ಜಾಗಕ್ಕೆ ಚೆಲ್ಲುತ್ತದೆ. ಬಫರ್ ಓವರ್‌ಫ್ಲೋ ಎಂಬ ಪಾಠವನ್ನು ಮೂರು ಸ್ಲೈಡ್‌ಗಳಲ್ಲಿ ಓದಿಸುವ ಬದಲು ಒಂದು ಊರಿನ ಹೆಸರಿನಲ್ಲಿ ತೋರಿಸಬಹುದು! ಸಂಖ್ಯೆ ಮಾಡಿ ಹಿಡಿಸುವ ಕ್ಯಾಲ್ಕುಲೇಟರಿನ ಉಪಾಯವೂ ಇಲ್ಲಿ ಬೇಗ ಸೋಲುತ್ತದೆ. ನಮ್ಮಲ್ಲಿ ಸ್ವರ, ವ್ಯಂಜನ, ಚಿಹ್ನೆ ಎಲ್ಲ ಸೇರಿ 62 ಸಂಕೇತಗಳಾಗುತ್ತವೆ. 14 ಅಂಕಿಗಳೊಳಗೆ ಏಳು ಸಂಕೇತ ಮಾತ್ರ ಹಿಡಿಸುತ್ತವೆ. ಮಳವಳ್ಳಿ ಸರಿಯಾಗಿ ಏಳು, ಹೇಗೋ ಬಚಾವ್. ಹನ್ನೊಂದು ಸಂಕೇತದ ಹೊಳೆನರಸೀಪುರಕ್ಕೆ ಜಾಗವಿಲ್ಲ. ಹಾಗಾಗಿ ಒಂದೊಂದೇ ಸಂಕೇತವನ್ನು ಹೋಲಿಸುತ್ತಾ ಹೋಗುವುದೇ ದಾರಿ.

ಇನ್ನೊಂದು ತಮಾಷೆ. ನೀವು ಕೈಯಿಂದ ಬರೆದ ಹೋಲಿಕೆಗೂ ಅಸಲಿ ಸ್ಟ್ರ್‌ಕಂಪ್‌ಗೂ ಉತ್ತರ ಬೇರೆ ಬರಬಹುದು. ಇಂಗ್ಲಿಷ್ ಮತ್ತು ಕನ್ನಡ ಹೆಸರುಗಳನ್ನು ಬೆರೆಸಿ ಕೊಟ್ಟು ನೋಡಿ. ನಮ್ಮ ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ ಜಿಸಿಸಿ ಕಂಪೈಲರ್ ಬರೀ ಕ್ಯಾರ್ ಎಂದು ಬರೆದದ್ದನ್ನು ಋಣ ಸಂಖ್ಯೆಯೂ ಇರಬಹುದಾದ ಮಾದರಿ ಎಂದೇ ತೆಗೆದುಕೊಳ್ಳುವುದರಿಂದ ಕನ್ನಡದ ಬೈಟ್‌ಗಳು ಸೊನ್ನೆಗಿಂತ ಕೆಳಗಿಳಿದು ಇಂಗ್ಲಿಷಿಗಿಂತ ಮೊದಲು ಬರುತ್ತವೆ. ಅಸಲಿ ಫಂಕ್ಷನ್‌ನಲ್ಲಿ ಅವು ಇಂಗ್ಲಿಷ್ ಆದ ಮೇಲೆ ಬರುತ್ತವೆ. ಸೈನ್ಡ್, ಅನ್‌ಸೈನ್ಡ್ ವ್ಯತ್ಯಾಸವನ್ನು ನಾನು ಎರಡು ಅಂಕದ ಪ್ರಶ್ನೆಗೆ ಎಂದು ಓದಿದ್ದೆ. ಅದರಿಂದ ಒಬ್ಬ ಮನುಷ್ಯನ ಹೆಸರು ಪಟ್ಟಿಯ ಮೇಲಿನಿಂದ ಕೆಳಕ್ಕೆ ಹೋಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಕಣ್ಣಿಗೆ ಕಾಣದ ಸಂಕೇತಗಳ ಕಥೆ ಇನ್ನೂ ಇದೆ. ರಾಜ್‌ಕುಮಾರ್ ಎಂದು ಬರೆಯುವಾಗ ‘ಕ’ ಒತ್ತಾಗದಿರಲಿ ಎಂದು ‘ಜ್’ ಆದ ಮೇಲೆ ಒಂದು ಅದೃಶ್ಯ ಸಂಕೇತ ಹಾಕುತ್ತೇವೆ. ಅದರ ನಂಬರ್ 8204, ಕನ್ನಡದ ಎಲ್ಲ ಅಕ್ಷರಗಳಿಗಿಂತ ಎಷ್ಟೋ ದೊಡ್ಡದು. ಹಾಗಾಗಿ ರಾಜ್‌ಕುಮಾರ್ ಹೋಗಿ ರಾಜ್ಯಶ್ರೀಯ ಹಿಂದೆ ನಿಲ್ಲುತ್ತಾರೆ. ಈ ಪುಟದ ಓದುಗರಿಗೆಲ್ಲ ಪ್ರಿಯವಾದ ‘ರ‍್ಯಾಂಕ್’ ಪದದಲ್ಲೂ ಅಂಥದೇ ಒಂದು ಸಂಕೇತ ಅಡಗಿ ಕೂತಿದೆ, ನಂಬರ್ 8205. ‘ಕೀ’ ಎಂಬುದನ್ನು ಕೆಲವು ಕಡತಗಳಲ್ಲಿ ಒಂದೇ ಚಿಹ್ನೆಯಾಗಿ, ಕೆಲವುಗಳಲ್ಲಿ ಗುಡಿಸು ಮತ್ತು ದೀರ್ಘ ಎಂದು ಎರಡಾಗಿ ಇಟ್ಟಿರುತ್ತಾರೆ. ನೋಡಲು ಎರಡೂ ಒಂದೇ, ಹೋಲಿಸಿದರೆ ಬೇರೆ ಬೇರೆ. ಯುನಿಕೋಡ್‌ಗೂ ಹಿಂದಿನ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿಗಳ ವಿಷಯವನ್ನಂತೂ ಕೇಳಲೇಬೇಡಿ. ಅಲ್ಲಿ ನಂಬರ್ ಇರುವುದು ಅಕ್ಷರಕ್ಕಲ್ಲ, ಅಕ್ಷರದ ಆಕಾರದ ತುಂಡುಗಳಿಗೆ. ಅದೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಡಿಟಿಪಿ ಅಂಗಡಿಯಿಂದ ಬಂದ ಅಂಥ ಕಡತವನ್ನು ನೇರವಾಗಿ ಜೋಡಿಸಲು ಹೊರಟರೆ ಏನು ಬರುತ್ತದೋ ಅದಕ್ಕೆ ಕ್ರಮ ಎಂಬ ಹೆಸರು ಕೊಡಲಾಗದು.

‘ಸರಿ, ಒಂದು ಹೆಸರು ಹಿಂದೆ ಮುಂದೆ ಆದರೆ ಏನಾಯಿತು?’ ಎಂದು ಕೇಳಬಹುದು. ನನ್ನ ಹೆಸರು ‘ಉ’ ಅಕ್ಷರದಿಂದ ಶುರುವಾಗುತ್ತದೆ. ಇಂಗ್ಲಿಷಿನಲ್ಲಿ ಅದು ಯು. ಹಾಜರಿ ಪಟ್ಟಿ ಇಂಗ್ಲಿಷ್ ಕ್ರಮದಲ್ಲಿದ್ದುದರಿಂದ ಮೂರು ವರ್ಷವೂ ನನ್ನ ರೋಲ್ ನಂಬರ್ ಕೊನೆಯ ಸಾಲಿನಲ್ಲಿ. ಪ್ರತಿ ವೈವಾದಲ್ಲಿ ಎಕ್ಸಾಮಿನರ್ ಸುಸ್ತಾಗಿ ಗಡಿಯಾರ ನೋಡುವ ಹೊತ್ತಿಗೆ ನನ್ನ ಸರದಿ. ಕನ್ನಡದಲ್ಲಿ ಜೋಡಿಸಿದ್ದರೆ ಮೊದಲ ಹತ್ತರಲ್ಲಿ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿರುತ್ತಿದ್ದೆ, ನಮ್ಮ ಕ್ಲಾಸಿನ ಹರೀಶ, ಹರ್ಷರು ಸಂಜೆಯವರೆಗೆ ಕಾಯುತ್ತಿದ್ದರು. ಇದನ್ನು ತಮಾಷೆಗೆ ಹೇಳುತ್ತಿದ್ದೇನೆ. ಆದರೆ ಕ್ರಮ ಎನ್ನುವುದು ಬರೀ ತಮಾಷೆ ಅಲ್ಲ ಎಂದು ಚುನಾವಣೆಯ ನಿಯಮ ಬರೆದವರಿಗೂ ಗೊತ್ತಿತ್ತು. ಮತಯಂತ್ರದ ಮೇಲೆ ಅಭ್ಯರ್ಥಿಗಳ ಹೆಸರು ಬೇಕಾದ ಹಾಗೆ ಬರುವುದಿಲ್ಲ. ಮಾನ್ಯತೆ ಪಡೆದ ಪಕ್ಷಗಳವರು, ಬರೀ ನೋಂದಾಯಿತ ಪಕ್ಷಗಳವರು, ಉಳಿದವರು ಎಂದು ಮೂರು ಗುಂಪು. ಒಂದೊಂದು ಗುಂಪಿನೊಳಗೂ ವರ್ಣಮಾಲೆಯ ಕ್ರಮ.

ಕೆಲಸ ಹುಡುಕುವವರಿಗೆ ಇದು ಇನ್ನೂ ಹತ್ತಿರದ ವಿಷಯ. ನೋಟಿಸ್ ಬೋರ್ಡಿನಲ್ಲಿ ನಾಲ್ಕು ಪುಟದ ಕನ್ನಡ ಪಟ್ಟಿ ಅಂಟಿಸಿದ್ದಾರೆ ಎಂದುಕೊಳ್ಳಿ. ನಾವು ಮೊದಲಿನಿಂದ ಓದುತ್ತಾ ಹೋಗುವುದಿಲ್ಲ. ನಮ್ಮ ಅಕ್ಷರ ಎಲ್ಲಿರಬೇಕೋ ಆ ಪುಟಕ್ಕೆ ಕಣ್ಣು ಹಾರುತ್ತದೆ. ಅಲ್ಲಿಲ್ಲದಿದ್ದರೆ ‘ಬಂದಿಲ್ಲ’ ಎಂದುಕೊಂಡು ಮನೆಗೆ ಹೋಗುತ್ತೇವೆ. ಕಂಪ್ಯೂಟರ್ ಮಾಡುವುದೂ ಇದನ್ನೇ, ಅದಕ್ಕೆ ಬೈನರಿ ಸರ್ಚ್ ಎಂದು ಹೆಸರು. ಪಟ್ಟಿಯನ್ನು ಜೋಡಿಸಿದ್ದು ಒಂದು ಕ್ರಮದಲ್ಲಿ, ಹುಡುಕುವುದು ಇನ್ನೊಂದು ಕ್ರಮದಲ್ಲಿ ಎಂದಾದರೆ ಇರುವ ಹೆಸರನ್ನೇ ಇಲ್ಲ ಎಂದು ಅದು ಹೇಳಬಲ್ಲದು. ಎರಡು ಪ್ರೋಗ್ರಾಂಗಳನ್ನು ಇಬ್ಬರು ಬರೆದಿದ್ದು, ಒಬ್ಬರು ಯುನಿಕೋಡ್ ನಂಬರನ್ನೂ ಇನ್ನೊಬ್ಬರು ಕನ್ನಡದ ಕ್ರಮವನ್ನೂ ನಂಬಿಕೊಂಡಿದ್ದರೆ ಸಾಕು.

ಇದಕ್ಕೆಲ್ಲ ಲೈಬ್ರರಿಗಳಿಲ್ಲವೇ? ಇವೆ, ಚೆನ್ನಾಗಿಯೇ ಇವೆ. ಯುನಿಕೋಡ್ ಕನ್ಸೋರ್ಷಿಯಂ ಸಿಎಲ್‌ಡಿಆರ್ ಎಂಬ ಭಂಡಾರದಲ್ಲಿ ಭಾಷೆ ಭಾಷೆಗೂ ಜೋಡಣೆಯ ನಿಯಮಗಳನ್ನು ಇಟ್ಟಿದೆ, ಕನ್ನಡಕ್ಕೂ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ ಕೊಲೇಟರ್ ಇದೆ, ಸಿಯಲ್ಲೇ ಭಾಷೆ ನೋಡಿಕೊಂಡು ಹೋಲಿಸುವ ಸ್ಟ್ರ್‌ಕಾಲ್ ಎಂಬ ಇನ್ನೊಂದು ಫಂಕ್ಷನ್ ಇದೆ. ಆದರೆ ಅವುಗಳನ್ನು ಕರೆಯಬೇಕು ಎಂದು ಗೊತ್ತಿರಬೇಕಲ್ಲ? ಪೈಥಾನ್‌ನ ಸಾರ್ಟೆಡ್ ಏನನ್ನೂ ಹೇಳದಿದ್ದರೆ ನಂಬರ್ ನೋಡಿಯೇ ಜೋಡಿಸುತ್ತದೆ. ಮೊಬೈಲ್ ಆ್ಯಪ್‌ಗಳು ಬಳಸುವ ಎಸ್‌ಕ್ಯೂಲೈಟ್ ಡೇಟಾಬೇಸ್‌ನ ಮೂಲ ಕ್ರಮ ಬರೀ ಬೈಟ್ ಹೋಲಿಕೆ. ಆಂಡ್ರಾಯ್ಡ್ ಅದಕ್ಕೆ ಭಾಷೆ ತಿಳಿದ ಇನ್ನೊಂದು ಕ್ರಮವನ್ನು ಸೇರಿಸಿಕೊಟ್ಟಿದೆ, ಆದರೆ ಒಂದು ಪದ ಹೆಚ್ಚು ಬರೆದು ನಾವೇ ಕೇಳಬೇಕು. ಕೇಳದವರಿಗೆ ಎರರ್ ಬರುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಪಟ್ಟಿ ಬರುತ್ತದೆ, ನೀಟಾಗಿಯೇ ಕಾಣುತ್ತದೆ, ಮಳವಳ್ಳಿ ಮಾತ್ರ ಮಸ್ಕಿಗಿಂತ ಮೇಲಿರುತ್ತದೆ. ಎಐ ಬರೆದುಕೊಡುತ್ತದೆ ಎನ್ನುವವರಿಗೂ ನನ್ನದು ಇದೇ ಮಾತು. ಅದು ಬರೆದದ್ದು ಸರಿಯೋ ತಪ್ಪೋ ಎಂದು ನೋಡುವ ಕಣ್ಣು ಬೇಕು, ಇಂಗ್ಲಿಷ್ ಹೆಸರುಗಳ ಮೇಲೆ ಮಾತ್ರ ಅಭ್ಯಾಸ ಮಾಡಿದ ಕಣ್ಣಿಗೆ ಇದು ಕಾಣುವುದಿಲ್ಲ.

ಅಲ್ಲದೆ ಯಾವ ಲೈಬ್ರರಿಯೂ ತೀರ್ಮಾನ ಮಾಡಲಾಗದ ವಿಷಯಗಳಿವೆ. ಎಚ್. ಎಂಬ ಇನಿಷಿಯಲ್ ಒಬ್ಬರು ‘ಎಚ್’ ಎಂದು ಬರೆದರೆ ಪಟ್ಟಿಯ ಮೊದಲಲ್ಲಿ ಇರುತ್ತಾರೆ, ‘ಹೆಚ್’ ಎಂದು ಬರೆದರೆ ಕೊನೆಯಲ್ಲಿ. ಒಂದೇ ಊರು, ಒಂದೇ ಇನಿಷಿಯಲ್, ಅಣ್ಣ ಒಂದು ತುದಿ, ತಮ್ಮ ಇನ್ನೊಂದು ತುದಿ! ಎಸ್ ಮತ್ತು ಯಸ್, ಎಂ ಮತ್ತು ಯಂ ಕಥೆಯೂ ಇದೇ. ಅನುಸ್ವಾರ ಇನ್ನೊಂದು. ಕಾಗುಣಿತದ ಸಾಲಿನಲ್ಲಿ ಕಂ, ಕಃ ಬರುವುದು ಕೌ ಆದ ಮೇಲೆ. ನಿಘಂಟು ತೆರೆದರೆ ಅಂಕ, ಅಂಗ, ಅಂಚೆ ಮೊದಲ ಪುಟಗಳಲ್ಲೇ ಸಿಗುತ್ತವೆ. ಯಾವುದು ಸರಿ? ನನಗೆ ನಿಘಂಟಿನ ಕ್ರಮವೇ ಅನುಕೂಲ ಅನ್ನಿಸುತ್ತದೆ, ಆದರೆ ಶಾಲೆಯ ಕಾಗುಣಿತ ಹಿಡಿದು ವಾದ ಮಾಡುವವರನ್ನು ತಪ್ಪು ಎನ್ನುವ ಧೈರ್ಯ ನನಗಿಲ್ಲ. ಪ್ರೋಗ್ರಾಂ ಬರೆಯುವವರು ಎರಡರಲ್ಲಿ ಒಂದನ್ನು ಆರಿಸಿ, ಆರಿಸಿದ್ದೇವೆ ಎಂದು ಎದೆ ತಟ್ಟಿ ಹೇಳಬೇಕು, ಅಷ್ಟೆ.

ಬರೆಯುವುದು ಕಷ್ಟವೂ ಅಲ್ಲ. ಕ್ಯಾಲ್ಕುಲೇಟರಿನ ಹುಡುಗರು ಮಾಡಿದ್ದನ್ನೇ ಮಾಡಬೇಕು. ಮೊದಲು ನಿಮ್ಮ ವರ್ಣಮಾಲೆಯನ್ನು ಒಂದು ಸಾಲಿನಲ್ಲಿ ಬರೆದಿಡಿ: ಅನುಸ್ವಾರ, ವಿಸರ್ಗ, ಸ್ವರಗಳು, ‘ಳ’ ಕೊನೆಗೆ ಬರುವಂತೆ ವ್ಯಂಜನಗಳು, ಕಾಗುಣಿತದ ಚಿಹ್ನೆಗಳು, ಎಲ್ಲಕ್ಕೂ ಕೊನೆಗೆ ಅರ್ಧಾಕ್ಷರದ ಚಿಹ್ನೆ. ಅದೃಶ್ಯ ಸಂಕೇತ ಸಿಕ್ಕರೆ ಹಾರಿಸಿ ಮುಂದೆ ಹೋಗಿ. ದೀರ್ಘವನ್ನು ಬಿಡಿಸಿ ಬರೆದಿದ್ದರೆ ಕೂಡಿಸಿಕೊಳ್ಳಿ. ಎರಡು ಪದಗಳ ಮೊದಲ ಸಂಕೇತಗಳು ಸಾಲಿನಲ್ಲಿ ಎಷ್ಟನೆಯವು ಎಂದು ನೋಡಿ, ಬೇರೆಯಾದರೆ ತೀರ್ಮಾನ, ಒಂದೇ ಆದರೆ ಮುಂದಿನದು. ಒಂದು ಪದ ಮೊದಲೇ ಮುಗಿದರೆ ಅದೇ ಮುಂದೆ. ಹಳಗನ್ನಡದ ಱ, ೞ ಬೇಕಾದವರು ಅವುಗಳ ಜಾಗವನ್ನೂ ಅಲ್ಲೇ ಸೇರಿಸಿಕೊಳ್ಳಬಹುದು. ನಾನು ಬರೆದದ್ದು ಅರವತ್ತು ಸಾಲಿನೊಳಗೆ ಮುಗಿಯಿತು, ಅದರಲ್ಲಿ ಅರ್ಧ ಬಾಯಿಪಾಠದ ಬಬಲ್ ಸಾರ್ಟೇ.

ಹಾಗಾಗಿ ಲ್ಯಾಬ್ ಪ್ರಶ್ನೆಗಳನ್ನು ಬರೆಯುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನನ್ನದೊಂದು ಬೇಡಿಕೆ. ಪ್ರಶ್ನೆಯನ್ನು ತೆಗೆಯಬೇಡಿ. ಸ್ಟ್ರಿಂಗ್ ಫಂಕ್ಷನ್ ಬಳಸುವಂತಿಲ್ಲ ಎಂಬ ಷರತ್ತೂ ಇರಲಿ. ಚೀಟಿಯಲ್ಲಿ ಹೆಸರುಗಳು ಮಾತ್ರ ಹೀಗಿರಲಿ: ಹೊಳಲ್ಕೆರೆ, ಮಸ್ಕಿ, ಕಡೂರು, ಬಳ್ಳಾರಿ, ಹೊನ್ನಾಳಿ, ಮಳವಳ್ಳಿ, ಕಂಪ್ಲಿ, ಹೊಸದುರ್ಗ, ಬಸವಕಲ್ಯಾಣ, ಹೊನ್ನಾವರ. ಪ್ರೋಗ್ರಾಂ ಓಡಿ ಔಟ್‌ಪುಟ್ ಬಂದ ಮೇಲೆ ವೈವಾದಲ್ಲಿ ಒಂದೇ ಪ್ರಶ್ನೆ ಕೇಳಿ: ‘ಕಂಪ್ಲಿಯನ್ನು ಕಡೂರಿಗಿಂತ ಮೇಲೆ ಇಟ್ಟಿದ್ದೀಯಲ್ಲ, ಯಾಕಪ್ಪಾ?’